ಸಂಶಯದ ದಿನಗಳು

(ಬಾನುಲಿ ಭಾಷಣ)

ನಮ್ಮ ನ್ಯಾಯಶಾಸ್ತ್ರಕಾರರು ಮನುಷ್ಯನು ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಎಣಿಸುವಾಗ ಮೂರನೆಯ ಸ್ಥಾನವನ್ನು ಸಂಶಯಕ್ಕೆ ಕೊಟ್ಟಿದ್ದಾರೆ. ಮೊದಲು ಪ್ರಮಾಣ, ಆಮೇಲೆ ಪ್ರಮೇಯ, ಅದರ ಬೆನ್ನಿಗೇ ಸಂಶಯ. ನಿರ್ಣಯ ಬರುವುದು ಒಂಬತ್ತನೆಯದಾಗಿ. ಈ ಅನುಕ್ರಮದಲ್ಲಿ ಒಂದು ವಿವೇಕವಿದೆಯೆಂದು ನನಗೆ ತೋರುತ್ತದೆ. ಮುಸ್ಸಂಜೆಯಲ್ಲಿ ದೂರಕ್ಕೆ ನೆಟ್ಟಗೆ ನಿಂತು ಕಾಣುವುದು ಮೋಟುಮರವೋ ಮನುಷ್ಯನೋ ಎಂಬುದು ಅವರು ಕೊಡುವ ಹಳೆಯ ಉದಾಹರಣೆ. ಮರವನ್ನು ಕಂಡು ಮನುಷ್ಯನೆಂದೇ ನಂಬಿದರೆ ಅದು ವಿಪರ್ಯಯ, ಎಂದರೆ ತಪ್ಪು ತಿಳಿವಳಿಕೆ. ಎರಡರಲ್ಲಿ ಯಾವುದೆಂದು ತಿಳಿಯದೆ ನಿಂತರೆ ಅದು ಸಂಶಯ. ಈ ಎರಡನ್ನೂ ಅವರು ಬೆರೆಸಲಿಲ್ಲ. ಸಂಶಯಪಟ್ಟವನು ತಪ್ಪಿದವನಲ್ಲ, ಅವನು ಇನ್ನೂ ದಾರಿಯಲ್ಲಿರುವವನು. ಆತ ಹತ್ತಿರ ಹೋಗಬೇಕು, ದೀಪ ತರಬೇಕು, ಮತ್ತೊಮ್ಮೆ ನೋಡಬೇಕು. ಅಲ್ಲಿಯವರೆಗೆ ಮರವೆಂದೂ ಹೇಳಲಾಗದು, ಮನುಷ್ಯನೆಂದೂ ಹೇಳಲಾಗದು.

ತರಗತಿಯಲ್ಲಿ ಇದನ್ನು ಪಾಠ ಮಾಡುವುದು ಸುಲಭ. ಅಲಂಕಾರಶಾಸ್ತ್ರದಲ್ಲಂತೂ ಸಂದೇಹವೇ ಒಂದು ಸೊಗಸು: ಇದು ಮುಖವೋ ಚಂದ್ರಬಿಂಬವೋ ಎಂದು ಕವಿ ಕೇಳಿದರೆ ನಾವು ತಲೆದೂಗುತ್ತೇವೆ. ಆದರೆ ಸಂಶಯದ ವಸ್ತು ನಮ್ಮ ಶರೀರವೇ ಆದಾಗ, ಪ್ರಶ್ನೆ ಸಾವು ಬದುಕಿನದಾದಾಗ, ಮೂರನೆಯ ಪದಾರ್ಥದಿಂದ ಒಂಬತ್ತನೆಯದರವರೆಗಿನ ದಾರಿ ಬಹಳ ಉದ್ದವಾಗುತ್ತದೆ. ಸ್ತನದ ಕ್ಯಾನ್ಸರ್ ಇರಬಹುದೆಂದು ಪರೀಕ್ಷೆಗೆ ಹೋದ ಹೆಣ್ಣುಮಗಳೊಬ್ಬಳು ಪರೀಕ್ಷೆಗೂ ಫಲಿತಾಂಶಕ್ಕೂ ನಡುವೆ, ಒಂದು ಫಲಿತಾಂಶಕ್ಕೂ ಮುಂದಿನ ಫಲಿತಾಂಶಕ್ಕೂ ನಡುವೆ ಕಳೆಯುವ ದಿನಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯಳಲ್ಲ. ಗೋಕಾಕ ಫಾಲ್ಸಿನಲ್ಲಿ ನೆಲೆಸಿರುವ, ಕನ್ನಡ ಪಾಠ ಹೇಳಿ ನಿವೃತ್ತಳಾದ ಅಧ್ಯಾಪಕಿ. ಆದರೂ ಈ ದಾರಿಯನ್ನು ನಡೆದು ಬಂದವಳು. ಅಲ್ಲದೆ ಈ ಸಂಕಟದಲ್ಲಿ ಅರ್ಧದಷ್ಟು ಪಾಲು ಮಾತಿನದು ಎಂಬುದು ನನ್ನ ಅನುಭವ. ಮಾತಿನ ವಿಷಯದಲ್ಲಿ ಸಾಹಿತ್ಯದ ವಿದ್ಯಾರ್ಥಿಗೂ ಸ್ವಲ್ಪ ಅಧಿಕಾರ ಉಂಟಷ್ಟೆ.

ಮೊದಲ ತೊಡಕು ಹೆಸರಿನದು. ಗ್ರೀಕ್ ವೈದ್ಯರು ಈ ರೋಗವನ್ನು ಏಡಿಗೆ ಹೋಲಿಸಿ ಹೆಸರಿಟ್ಟರು. ಲ್ಯಾಟಿನ್ನಿನ ಕ್ಯಾನ್ಸರ್ ಎಂಬುದೂ ಏಡಿಯೇ, ನಮ್ಮ ಜ್ಯೋತಿಷದ ಕರ್ಕಾಟಕವೂ ಏಡಿಯೇ. ಕನ್ನಡದಲ್ಲಿ ವೈದ್ಯಪದಗಳನ್ನು ಕಟ್ಟಿದವರು ಏಡಿಗಂತಿ ಎಂಬ ಅಚ್ಚ ಮಾತನ್ನು ಬಳಕೆಗೆ ತಂದರು. ಸಂಸ್ಕೃತದ ಅರ್ಬುದವೂ ಇದೆ. ಇಷ್ಟು ಹೆಸರುಗಳಿದ್ದರೂ ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರಿಲ್ಲ. ‘ಅದು’ ಎನ್ನುತ್ತಾರೆ, ‘ದೊಡ್ಡ ಬ್ಯಾನಿ’ ಎನ್ನುತ್ತಾರೆ. ರೋಗಕ್ಕೆ ಮಾತ್ರವಲ್ಲ, ಅದು ತಗಲಿದ ಅವಯವಕ್ಕೂ ಹೆಸರಿಲ್ಲ. ನಮ್ಮ ಪ್ರಾಚೀನ ಕಾವ್ಯಗಳು ಸ್ತನವನ್ನು ಹೊನ್ನಕಲಶಕ್ಕೂ ಚಕ್ರವಾಕದ ಜೋಡಿಗೂ ಹೋಲಿಸಿ ದಣಿಯಲಿಲ್ಲ. ಅದೇ ನಾಡಿನ ಹೆಣ್ಣುಮಗಳು ದವಾಖಾನೆಗೆ ಹೋದರೆ ಆ ಶಬ್ದವನ್ನು ಆಡಲಾರದೆ ‘ಎದ್ಯಾಗ ಏನೋ ಆಗೇತ್ರಿ’ ಎನ್ನುತ್ತಾಳೆ. ಎದೆ ಎಂದಾಗ ಕೇಳಿದವರು ಹೃದಯದ ಬೇನೆಯೆಂದು ತಿಳಿಯಬಹುದು, ಕೆಮ್ಮೆಂದು ತಿಳಿಯಬಹುದು. ಒಂದು ಶಬ್ದವನ್ನು ಆಡಲಾರದೆ ಹೋದುದಕ್ಕೆ ಆರು ತಿಂಗಳು, ವರುಷ ಕಳೆದುಕೊಂಡವರನ್ನು ನಮ್ಮ ಸೀಮೆಯಲ್ಲಿ ಕಂಡಿದ್ದೇನೆ.

ಇದು ಅಪರೂಪದ ರೋಗವಾಗಿದ್ದರೆ ಈ ಮೌನವನ್ನು ಸಹಿಸಬಹುದಾಗಿತ್ತು. ಭಾರತದ ಹೆಣ್ಣುಮಕ್ಕಳಲ್ಲಿ ಕಾಣಬರುವ ಕ್ಯಾನ್ಸರುಗಳಲ್ಲಿ ಇಂದು ಇದೇ ಮೊದಲನೆಯದು. ೨೦೨೨ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು ೧,೯೨,೦೦೦ ಮಂದಿಗೆ ಇದು ಹೊಸದಾಗಿ ಕಾಣಿಸಿತು; ಸುಮಾರು ೯೮,೦೦೦ ಮಂದಿ ತೀರಿಕೊಂಡರು. ಈ ಎರಡು ಅಂಕೆಗಳ ಹಿಂದೆ ಎಣಿಕೆಗೆ ಸಿಕ್ಕದ ಮೂರನೆಯ ಗುಂಪೊಂದಿದೆ. ಗಂಟು ಕಂಡು ಪರೀಕ್ಷೆಗೆ ಹೋಗಿ, ಏನೂ ಅಲ್ಲವೆಂದು ಕೊನೆಗೆ ತಿಳಿದು ಮನೆಗೆ ಮರಳಿದವರು ಅವರು. ಸ್ತನದಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಚೀಲ, ನಾರಿನ ಗಂಟು ಇಂಥವೇ ಹೆಚ್ಚು. ಆದರೆ ಆ ಬಹುಪಾಲಿನಲ್ಲಿ ತಾನೂ ಒಬ್ಬಳೋ ಅಲ್ಲವೋ ಎಂದು ತಿಳಿಯುವವರೆಗೆ ಎಲ್ಲರೂ ನಡೆಯುವ ದಾರಿ ಒಂದೇ, ಎಲ್ಲರೂ ಕಳೆಯುವ ರಾತ್ರಿಗಳೂ ಒಂದೇ ಬಗೆಯವು.

ಆ ದಾರಿಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಂಡರೆ ಕತ್ತಲೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸ್ತನದ ಗಂಟಿನ ವಿಷಯದಲ್ಲಿ ವೈದ್ಯರು ಮೂರು ಸಾಕ್ಷಿಗಳನ್ನು ಕರೆಯುತ್ತಾರೆ. ಮೊದಲನೆಯ ಸಾಕ್ಷಿ ಕೈ: ವೈದ್ಯರು ಮುಟ್ಟಿ ನೋಡುವುದು. ಎರಡನೆಯದು ಚಿತ್ರ: ಮ್ಯಾಮೊಗ್ರಾಂ ಎಂಬ ಕ್ಷಕಿರಣದ ಚಿತ್ರ, ಅದರ ಜೊತೆಗೆ ಅಥವಾ ಅದರ ಬದಲು ಧ್ವನಿತರಂಗಗಳ ಸ್ಕ್ಯಾನ್. ಮೂರನೆಯದು ಸೂಜಿ: ಗಂಟಿನಿಂದಲೇ ಕೆಲವು ಕಣಗಳನ್ನೋ ಸಣ್ಣ ಎಳೆಯನ್ನೋ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂರೂ ಸಾಕ್ಷಿಗಳು ಒಂದೇ ಮಾತು ಹೇಳಿದರೆ ತೀರ್ಮಾನ ಸುಲಭ. ಒಂದು ಸಾಕ್ಷಿ ಉಳಿದೆರಡಕ್ಕೆ ವಿರುದ್ಧವಾದರೆ ವಿಚಾರಣೆ ಮುಂದುವರಿಯಬೇಕು. ಯಾವ ಸಾಕ್ಷಿಯೂ ತಾನೊಂದೇ ಪರಿಪೂರ್ಣವಲ್ಲ. ಮ್ಯಾಮೊಗ್ರಾಂನಲ್ಲಿ ಗಂಟು ಬೆಳ್ಳಗೆ ಕಾಣುತ್ತದೆ. ವಯಸ್ಸು ಚಿಕ್ಕದಿದ್ದವರಲ್ಲಿ ಒತ್ತಾದ ಸ್ತನದ ಅಂಗಾಂಶವೂ ಬೆಳ್ಳಗೇ ಕಾಣುತ್ತದೆ. ಹಾಲಿನಲ್ಲಿ ಸುಣ್ಣವನ್ನು ಹುಡುಕಿದ ಹಾಗೆ. ತಪಾಸಣೆಗಾಗಿ ತೆಗೆದ ಮ್ಯಾಮೊಗ್ರಾಂಗಳ ಕಣ್ಣಿಗೆ ಎಂಟು ಕ್ಯಾನ್ಸರುಗಳಲ್ಲಿ ಸುಮಾರು ಒಂದು ಬೀಳದೆ ಹೋಗುತ್ತದೆಂದು ಲೆಕ್ಕವಿದೆ. ಆದುದರಿಂದ ಚಿತ್ರ ಚೆನ್ನಾಗಿದ್ದು ಗಂಟು ಕೈಗೆ ಸಿಗುತ್ತಿದ್ದರೆ, ಚಿತ್ರವನ್ನು ನಂಬಿ ಗಂಟನ್ನು ಮರೆಯುವಂತಿಲ್ಲ.

ಮೂರನೆಯ ಸಾಕ್ಷಿಯ ಮಾತು ಬರುವುದಕ್ಕೆ ಇಷ್ಟು ದಿನವೇಕೆ ಎಂದು ಎಲ್ಲರೂ ಕೇಳುತ್ತಾರೆ. ಸೂಜಿಯಿಂದ ತೆಗೆದ ಎಳೆಯನ್ನು ಮೊದಲು ಫಾರ್ಮಲಿನ್ ದ್ರವದಲ್ಲಿ ಇಡುತ್ತಾರೆ. ಅದು ಕೊಳೆಯದೆ ಇದ್ದ ಹಾಗೇ ನಿಲ್ಲಬೇಕಾದರೆ ಆರು ಗಂಟೆಗಳಾದರೂ ಅಲ್ಲಿರಬೇಕು. ಎಪ್ಪತ್ತೆರಡು ಗಂಟೆ ಮೀರಬಾರದು. ಆಮೇಲೆ ನೀರಿನಂಶವನ್ನು ತೆಗೆದು, ಬಿಸಿಮೇಣದಲ್ಲಿ ಅದ್ದಿ ಗಟ್ಟಿಮಾಡಿ, ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳನೆಯ ಪದರಗಳಾಗಿ ಹೆರೆಯುತ್ತಾರೆ. ಆ ಪದರಕ್ಕೆ ನೀಲಿ ಮತ್ತು ನಸುಗೆಂಪು ಬಣ್ಣ ಕಟ್ಟುತ್ತಾರೆ. ಇಷ್ಟಾದ ಮೇಲೆ ತಜ್ಞರೊಬ್ಬರು ಕುಳಿತು ನೋಡಬೇಕು. ಅವರಿಗೆ ಅನುಮಾನ ಬಂದರೆ ಮತ್ತೊಬ್ಬರಿಗೆ ತೋರಿಸಬೇಕು. ಬೇರೆ ಬಣ್ಣಗಳನ್ನು ಕಟ್ಟಿ ಮತ್ತೆ ನೋಡಬೇಕು. ಕಾಯುವವಳಿಗೆ ಏನೂ ನಡೆಯದಂತೆ ಕಾಣುವ ದಿನಗಳಲ್ಲಿ ಎಲ್ಲಿಯೋ ಇಷ್ಟೆಲ್ಲ ನಡೆಯುತ್ತಿರುತ್ತದೆ. ಈ ಕೆಲಸದ ಪರಿಚಯವಾದ ಮೇಲೆ ನನ್ನ ಮನಸ್ಸಿನ ಕಳವಳ ಹೋಗಲಿಲ್ಲ. ಆದರೆ ಅದಕ್ಕೊಂದು ಆಕಾರ ಬಂದಿತು.

ಕೊನೆಗೆ ಕಾಗದ ಬರುತ್ತದೆ, ಇಂಗ್ಲಿಷಿನಲ್ಲಿ ಬರುತ್ತದೆ. ಇಲ್ಲಿಂದ ಮಾತಿನ ಕೆಲಸ ಆರಂಭ. ಚಿತ್ರದ ವರದಿಯಲ್ಲಿ ಬೈರಾಡ್ಸ್ ಎಂಬ ಅಂಕಿಯೊಂದಿರುತ್ತದೆ, ಸೊನ್ನೆಯಿಂದ ಆರರವರೆಗೆ. ಸೊನ್ನೆಯೆಂದರೆ ರೋಗವಿಲ್ಲವೆಂದು ಅನೇಕರು ಸಂತೋಷಪಡುತ್ತಾರೆ. ಹಾಗಲ್ಲ, ‘ಈ ಚಿತ್ರ ಸಾಲದು, ಇನ್ನೊಂದು ಬೇಕು’ ಎಂದು ಅದರ ಅರ್ಥ. ಒಂದು, ಎರಡು ನಿಶ್ಚಿಂತೆಯ ಅಂಕಿಗಳು. ಮೂರು ಎಂದರೆ ಬಹುಶಃ ಸಾಧುವಾದದ್ದು. ಕ್ಯಾನ್ಸರ್ ಇರುವ ಸಂಭವ ನೂರರಲ್ಲಿ ಎರಡಕ್ಕಿಂತ ಹೆಚ್ಚಲ್ಲ, ಆರು ತಿಂಗಳಿಗೆ ಮತ್ತೆ ನೋಡಬೇಕು. ಐದು ಎಂದರೆ ಸಂಭವ ತೊಂಬತ್ತೈದು ಅಥವಾ ಅದಕ್ಕೂ ಮೇಲೆ. ಆರು, ಈಗಾಗಲೇ ಸಿದ್ಧವಾದದ್ದು. ಇವುಗಳ ನಡುವಿನ ನಾಲ್ಕು ಇದೆಯಲ್ಲ, ಅದರ ಹರಹು ಎರಡರಿಂದ ತೊಂಬತ್ತೈದರವರೆಗೆ. ಒಂದೇ ಅಂಕಿಯಲ್ಲಿ ಇಷ್ಟು ದೊಡ್ಡ ಬಯಲು. ಆದುದರಿಂದಲೇ ಅದರೊಳಗೆ ಎ, ಬಿ, ಸಿ ಎಂಬ ಒಳಪಾಲುಗಳನ್ನು ಮಾಡಿದ್ದಾರೆ. ಎ ಎಂದರೆ ಎರಡರಿಂದ ಹತ್ತು, ಬಿ ಎಂದರೆ ಹತ್ತರಿಂದ ಐವತ್ತು, ಸಿ ಎಂದರೆ ಐವತ್ತರಿಂದ ತೊಂಬತ್ತೈದು. ‘ನಾಲ್ಕು ಬಂದೈತಂತ’ ಎಂದು ಅಳುವುದಕ್ಕೆ ಮೊದಲು ‘ನಾಲ್ಕರಾಗ ಯಾವುದರಿ?’ ಎಂದು ಕೇಳಬೇಕು. ಸಣ್ಣ ಸೂಜಿಯ ಪರೀಕ್ಷೆಯಲ್ಲಿಯೂ ಹೀಗೆಯೇ ಐದು ಮೆಟ್ಟಿಲು: ಕಣ ಸಾಲದು, ಸಾಧು, ಅಸಹಜ ಆದರೆ ಬಹುಶಃ ಸಾಧು, ಸಂದೇಹಾಸ್ಪದ, ಕ್ಯಾನ್ಸರ್.

ಅಂಕಿಗಳ ಸುತ್ತಲಿನ ಶಬ್ದಗಳೂ ತೂಕ ಮಾಡಿಯೇ ಇಟ್ಟವು. ‘ತಳ್ಳಿಹಾಕಲಾಗದು’ ಎಂದರೆ ‘ಇದೆ’ ಎಂದಲ್ಲ. ‘ಸೂಚಿಸುತ್ತದೆ’ ಎಂಬುದು ‘ಹೊಂದಿಕೆಯಾಗುತ್ತದೆ’ ಎಂಬುದಕ್ಕಿಂತ ಮೆಲುವಾದದ್ದು. ಅದು ‘ನಿಶ್ಚಿತ’ ಎಂಬುದಕ್ಕಿಂತ ಮೆಲುವಾದದ್ದು. ವಿಶೇಷಣವನ್ನು ಬಿಟ್ಟು ನಾಮಪದವನ್ನಷ್ಟೇ ಓದುವ ಚಾಳಿ ನಮ್ಮಲ್ಲಿದೆ. ಕಾಗದದ ಮೇಲೆ ಆ ಒಂದು ಶಬ್ದ ಕಂಡರೆ ಸಾಕು, ಅದರ ಹಿಂದೆ ಮುಂದೆ ಏನಿದೆಯೆಂದು ಕಣ್ಣು ನೋಡುವುದೇ ಇಲ್ಲ. ಕಾವ್ಯವನ್ನು ಓದುವಾಗ ವಿದ್ಯಾರ್ಥಿಗಳಿಗೆ ಯಾವುದನ್ನು ಬೇಡವೆನ್ನುತ್ತಿದ್ದೆನೋ ಅದನ್ನೇ ಇಲ್ಲಿಯೂ ಬೇಡವೆನ್ನುತ್ತೇನೆ: ಅವಸರದ ಅನ್ವಯ.

ನನ್ನ ಸಂಗತಿ ಇಷ್ಟು. ನಿವೃತ್ತಳಾದ ಮರುವರ್ಷ, ೨೦೧೯ರಲ್ಲಿ, ಎಡಗಡೆಗೆ ಹುಣಿಸೆಬೀಜದಷ್ಟು ಗಂಟು ಕೈಗೆ ಹತ್ತಿತು. ನೋವಿರಲಿಲ್ಲ. ನೋವಿಲ್ಲದ ಗಂಟಿಗೆ ಅಂಜಬೇಕಿಲ್ಲವೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಿಜದಲ್ಲಿ ಈ ಕ್ಯಾನ್ಸರ್ ಮೊದಮೊದಲು ಹೆಚ್ಚಿನವರಲ್ಲಿ ನೋಯುವುದಿಲ್ಲ. ಬೆಳಗಾವಿಗೆ ಹೋಗಿ ಚಿತ್ರ ತೆಗೆಸಿದೆ. ನಾಲ್ಕು, ಒಳಪಾಲು ಎ ಎಂದು ಬಂದಿತು. ಸಣ್ಣ ಸೂಜಿಯ ಪರೀಕ್ಷೆಯಾಯಿತು. ವೈದ್ಯರನ್ನು ಕಾಣುವುದು ಎರಡು ದಿನ ಬಿಟ್ಟು ಎಂದಿದ್ದರೂ, ಪ್ರಯೋಗಾಲಯದವರು ವರದಿಯನ್ನು ಒಂದು ರಾತ್ರಿ ಒಂಬತ್ತೂವರೆಗೆ ಮೊಬೈಲಿಗೇ ಕಳಿಸಿಬಿಟ್ಟರು. ಮೂರನೆಯ ಮೆಟ್ಟಿಲು: ಅಸಹಜ, ಬಹುಶಃ ಸಾಧು.

ಆ ‘ಬಹುಶಃ’ ನಮ್ಮ ಮನೆಯನ್ನು ಎರಡು ಪಕ್ಷ ಮಾಡಿತು. ತಮ್ಮನ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಬಂದು, ‘ಏನೂ ಆಗಂಗಿಲ್ಲ ಬಿಡ್ರಿ ಅಕ್ಕಾರ, ಚಲೋ ಬಂದೈತಿ, ಸಾಧು ಅಂತ ಬರದಾರಲ್ಲ’ ಎಂದಳು. ತಮ್ಮನಿಗೆ ಕಂಡದ್ದು ಅಸಹಜ ಎಂಬ ಶಬ್ದ. ‘ಅಕ್ಕಾ, ಇದು ಅದ ಅಂತ ತಿಳಕೊಂಡ ನಡೀಬೇಕು. ನಾಳೆನ ಮುಂಬಯಿಗೆ ಹೋಗೂಣು’ ಎಂದ. ಬಾಜೂಮನೆಯ ಅಜ್ಜಿಗೆ ಎರಡೂ ಒಪ್ಪಿಗೆಯಾಗಲಿಲ್ಲ: ‘ಇನ್ನೊಮ್ಮೆ ಸೂಜಿ ಚುಚ್ಚಿಸಿಕೋಬ್ಯಾಡ ನನ್ನವ್ವಾ, ಚುಚ್ಚಿದ್ರ ಅದು ಕೆರಳತೈತಿ.’ ಮೂವರದೂ ಪ್ರೀತಿಯ ಮಾತೇ. ಮೂವರೂ ನನ್ನನ್ನು ಆ ನಡುವಿನ ಸ್ಥಾನದಿಂದ ಬೇಗ ಬಿಡಿಸಬೇಕೆಂದು ಬಯಸಿದವರೇ. ಆದರೆ ನಾನಿದ್ದುದು ನಡುವಿನಲ್ಲಿಯೇ. ನಮ್ಮೂರ ಘಟಪ್ರಭೆಯ ಮೇಲಿನ ತೂಗುಸೇತುವೆಯಲ್ಲಿ ನಡೆದವರಿಗೆ ಗೊತ್ತು: ಮಧ್ಯದಲ್ಲಿರುವಾಗ ‘ಮುಟ್ಟಿಬಿಟ್ಟಿ’ ಎಂದು ಯಾರು ಕೂಗಿದರೂ ಹಲಗೆ ಅಲುಗುವುದು ನಿಲ್ಲುವುದಿಲ್ಲ. ಹಗ್ಗ ಹಿಡಿದು ಮುಂದಿನ ಹೆಜ್ಜೆ ಇಡಬೇಕು, ಅಷ್ಟೆ.

ಮುಂದಿನ ಹೆಜ್ಜೆ ದಪ್ಪ ಸೂಜಿಯ ಬಯಾಪ್ಸಿ. ಚುಚ್ಚಿದರೆ ಕ್ಯಾನ್ಸರ್ ಹಬ್ಬಿ ಹೆಚ್ಚುತ್ತದೆಂಬ ಅಜ್ಜಿಯ ಅಂಜಿಕೆಗೆ ಆಧಾರವಿಲ್ಲವೆಂದೂ, ಚುಚ್ಚದೆ ಬಿಟ್ಟು ಕಳೆದ ತಿಂಗಳುಗಳೇ ಅಪಾಯವೆಂದೂ ವೈದ್ಯರು ಬಿಡಿಸಿ ಹೇಳಿದರು. ಗಂಟಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆದರು. ಒಂಬತ್ತು ದಿನಗಳಾದ ಮೇಲೆ ಬಂದ ಕಾಗದದಲ್ಲಿ ‘ಬಹುಶಃ’ ಇರಲಿಲ್ಲ. ಕ್ಯಾನ್ಸರ್ ಎಂದಿತ್ತು. ಕೇಳುಗರು ನಂಬಲಿಕ್ಕಿಲ್ಲ, ಆ ದಿನ ಕಾಗದ ಕೈಗೆ ಬಂದಾಗ ದುಃಖದ ಜೊತೆಗೆ ನೆಲ ಕಾಲಿಗೆ ಹತ್ತಿದ ಅನುಭವವೂ ಆಯಿತು. ಕೆಟ್ಟ ಸುದ್ದಿಗೆ ಮಾಡಬೇಕಾದ ಕೆಲಸವೊಂದಿರುತ್ತದೆ. ಸಂಶಯಕ್ಕೆ ಕಾಯುವುದೊಂದೇ ಕೆಲಸ.

ಆದರೆ ಆ ಕಾಯುವ ದಿನಗಳು ಬರಿದೇ ಹೋದವೆ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಹುಡುಕಿದಾಗ ನನಗೆ ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯ ನೆನಪಾಯಿತು. ಆಕೆ ಪ್ಯಾರಿಸ್ಸಿನಲ್ಲಿದ್ದಾಗ, ೧೮೧೧ರ ಸೆಪ್ಟೆಂಬರ್ ೩೦ರಂದು, ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೇ ಆಕೆಯ ಬಲಸ್ತನವನ್ನು ತೆಗೆದುಹಾಕಿದ. ಪ್ರಜ್ಞೆ ತಪ್ಪಿಸುವ ಔಷಧಿ ಆಗ ಇನ್ನೂ ಬಂದಿರಲಿಲ್ಲ. ತಿಂಗಳುಗಳ ಅನಂತರ ಆಕೆ ತನ್ನ ಅಕ್ಕನಿಗೆ ಬರೆದ ಪತ್ರ ಆ ಅನುಭವದ ಅಪೂರ್ವ ದಾಖಲೆ. ಆಕೆ ಅದಾದ ಮೇಲೆ ಇಪ್ಪತ್ತೆಂಟು ವರ್ಷಗಳಿಗೂ ಹೆಚ್ಚು ಕಾಲ ಬದುಕಿ, ೧೮೪೦ರಲ್ಲಿ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಷ್ಟು ದೀರ್ಘಕಾಲ ಬದುಕಿದುದರಿಂದಲೇ ಆಕೆಗೆ ಆಗಿದ್ದುದು ನಿಜವಾಗಿ ಕ್ಯಾನ್ಸರೋ ಸಾಧುವಾದ ಗಂಟೋ ಎಂದು ಇಂದಿನ ವೈದ್ಯರು ಪ್ರಶ್ನಿಸುತ್ತಾರೆ. ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿರ್ಣಯಿಸುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ. ಅಷ್ಟು ಘೋರವಾದ ಬೆಲೆಯನ್ನು ಕೊಟ್ಟರೂ ಆಕೆಯ ಸಂಶಯ ಸಂಶಯವಾಗಿಯೇ ಉಳಿಯಿತು. ಮೇಣದಲ್ಲಿ ಗಟ್ಟಿಯಾದ ನನ್ನ ಎಳೆ, ಬಣ್ಣ ಕಟ್ಟಿದ ನನ್ನ ಪದರ, ಅದಕ್ಕಾಗಿ ನಾನು ಕಾದ ಒಂಬತ್ತು ದಿನ, ಇವು ಬರ್ನಿಗೆ ಸಿಕ್ಕದ ಭಾಗ್ಯ.

ಇನ್ನೊಂದು ನಿದರ್ಶನ ನಮಗೆ ಹತ್ತಿರದ ಕಾಲದ್ದು. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದವರೆಗೂ ಅಮೆರಿಕದಲ್ಲಿ ಗಂಟಿದ್ದ ಹೆಂಗಸನ್ನು ಒಮ್ಮೆಲೇ ಪ್ರಜ್ಞೆ ತಪ್ಪಿಸಿ ಮೇಜಿನ ಮೇಲೆ ಮಲಗಿಸುವ ರೂಢಿಯಿತ್ತು. ಗಂಟಿನ ಚೂರನ್ನು ಆಗಲೇ ಹೆಪ್ಪುಗಟ್ಟಿಸಿ ನೋಡಿ, ಕ್ಯಾನ್ಸರ್ ಎಂದಾದರೆ ಅದೇ ಮೇಜಿನ ಮೇಲೆ ಸ್ತನವನ್ನು ತೆಗೆದುಬಿಡುತ್ತಿದ್ದರು. ಆಕೆಗೆ ಕಾಯುವ ಕಷ್ಟವಿರಲಿಲ್ಲ. ಎಚ್ಚರವಾದಾಗ ಎದೆಯ ಪಟ್ಟಿಯನ್ನು ಮುಟ್ಟಿ ಫಲಿತಾಂಶವನ್ನು ತಿಳಿಯಬೇಕಾಗಿತ್ತು. ೧೯೭೪ರಲ್ಲಿ ಈ ರೋಗಕ್ಕೆ ತುತ್ತಾದ ರೋಸ್ ಕುಶ್ನರ್ ಎಂಬ ಪತ್ರಿಕಾ ಲೇಖಕಿ ಇದನ್ನು ಪ್ರತಿಭಟಿಸಿದಳು. ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ ಆಗಬೇಕು. ನಡುವೆ ಹೆಂಗಸಿಗೆ ತಿಳಿಯಲು, ಕೇಳಲು, ನಿರ್ಧರಿಸಲು ಸಮಯ ಬೇಕು ಎಂದು ವಾದಿಸಿದಳು. ೧೯೭೯ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಾಲೋಚನೆಯಲ್ಲಿ ಆಕೆಯೂ ಸದಸ್ಯೆ. ಪರೀಕ್ಷೆ ಚಿಕಿತ್ಸೆಗಳನ್ನು ಎರಡು ಹಂತ ಮಾಡಬೇಕೆಂದು ಅಲ್ಲಿ ಶಿಫಾರಸಾಯಿತು. ಇದನ್ನು ಓದಿದ ಮೇಲೆ ಕಾಯುವ ದಿನಗಳನ್ನು ನೋಡುವ ನನ್ನ ದೃಷ್ಟಿ ಬದಲಾಯಿತು. ಅವು ಯಾರೋ ನಮ್ಮಿಂದ ಕಸಿದುಕೊಂಡ ದಿನಗಳಲ್ಲ. ಹೆಣ್ಣುಮಕ್ಕಳು ಹೋರಾಡಿ ಪಡೆದ ದಿನಗಳು.

ಹೀಗಿರುವಾಗ ಆ ದಿನಗಳನ್ನು ನಾವು ಹೇಗೆ ಬಳಸುತ್ತೇವೆ? ನಮ್ಮ ಕಡೆ ಬಹಳ ಮನೆಗಳಲ್ಲಿ ಕಾಗದ ಮೊದಲು ಗಂಡನ ಕೈಗೋ ಮಗನ ಕೈಗೋ ಹೋಗುತ್ತದೆ. ಅವರು ಔಷಧದಂಗಡಿಯವನಿಗೋ ಕಾಲೇಜು ಕಲಿಯುವ ಹುಡುಗನಿಗೋ ತೋರಿಸುತ್ತಾರೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವವಳಿಗೆ ‘ಏನಿಲ್ಲ, ಗುಳಿಗಿ ಕೊಟ್ಟಾರ’ ಎಂದು ಹೇಳುತ್ತಾರೆ. ಆಕೆಗೆ ಗೊತ್ತಾಗದೆ ಇರುವುದಿಲ್ಲ. ಪಡಸಾಲೆಯಲ್ಲಿ ಮಾತು ತಟ್ಟನೆ ನಿಂತಾಗಲೇ ಆಕೆಗೆ ಎಲ್ಲ ತಿಳಿಯುತ್ತದೆ. ಸಂಶಯವನ್ನು ಹೊರುವುದು ಕಷ್ಟ. ಹೊತ್ತಿಲ್ಲವೆಂದು ನಟಿಸುತ್ತ ಹೊರುವುದು ಅದಕ್ಕಿಂತ ಕಷ್ಟ. ಕಾಗದ ಯಾರ ಶರೀರವನ್ನು ಕುರಿತದ್ದೋ ಅವರ ಕೈಯಲ್ಲಿರಬೇಕು. ಆಕೆ ಓದಲು ಬಾರದವಳಾದರೆ ಆಕೆಯ ಎದುರಿಗೆ, ಆಕೆಯ ಭಾಷೆಯಲ್ಲಿ, ವಿಶೇಷಣಗಳನ್ನು ನುಂಗದೆ ಓದಿ ಹೇಳಬೇಕು.

ರೋಗನಿರ್ಣಯದೊಂದಿಗೆ ಸಂಶಯ ಮುಗಿಯುತ್ತದೆಂದು ತಿಳಿದಿದ್ದರೆ ಅದೂ ಅಷ್ಟು ಸರಳವಲ್ಲ. ನನ್ನ ಗಂಟನ್ನು ತೆಗೆದ ಮೇಲೆ ಹರ್-೨ ಎಂಬ ಪರೀಕ್ಷೆಯಾಯಿತು. ಕ್ಯಾನ್ಸರಿನ ಕಣದ ಮೈಮೇಲೆ ಒಂದು ಬಗೆಯ ಪ್ರೋಟೀನು ಎಷ್ಟಿದೆಯೆಂದು ನೋಡುವ ಪರೀಕ್ಷೆ ಅದು. ಯಾವ ಔಷಧ ಕೊಡಬೇಕೆಂಬುದು ಅದನ್ನು ಅವಲಂಬಿಸಿದೆ. ಸೊನ್ನೆ, ಒಂದು ಬಂದರೆ ಇಲ್ಲ ಎಂದೂ, ಮೂರು ಬಂದರೆ ಇದೆ ಎಂದೂ ಲೆಕ್ಕ. ನನಗೆ ಬಂದದ್ದು ಎರಡು. ಎರಡು ಎಂದರೆ ಹೇಳಲಾಗದು. ಮತ್ತೆ ಫಿಶ್ ಎಂಬ ಇನ್ನೊಂದು ಪರೀಕ್ಷೆ, ಮತ್ತೆ ಹತ್ತು ಹನ್ನೆರಡು ದಿನ. ಕೊನೆಗೆ ಇಲ್ಲವೆಂದು ತೀರ್ಮಾನ. ಚಿಕಿತ್ಸೆ ಮುಗಿದು ೨೦೨೨ರಲ್ಲಿ ಮಾಡಿದ ಸ್ಕ್ಯಾನಿನಲ್ಲಿ ಪುಪ್ಪುಸದ ಮೂಲೆಯಲ್ಲಿ ಐದು ಮಿಲಿಮೀಟರಿನ ಚುಕ್ಕೆಯೊಂದು ಕಂಡಿತು, ನಮ್ಮ ಬಿಳಿಜೋಳದ ಒಂದು ಕಾಳಿನಷ್ಟು. ಹಳೆಯ ಕ್ಷಯದ ಕಲೆಯೂ ಹೀಗೆ ಕಾಣುತ್ತದೆ, ರೋಗ ಮರಳಿದರೂ ಹೀಗೆ ಕಾಣುತ್ತದೆ. ಅಷ್ಟು ಸಣ್ಣದಕ್ಕೆ ಸೂಜಿ ಹಾಕುವುದು ಕಷ್ಟ. ಮೂರು ತಿಂಗಳು ಬಿಟ್ಟು ನೋಡಿದರು, ಬೆಳೆದಿರಲಿಲ್ಲ. ಆರು ತಿಂಗಳು ಬಿಟ್ಟು ನೋಡಿದರು, ಹಾಗೆಯೇ ಇತ್ತು. ಈಗಲೂ ಇದೆ. ಅದು ಏನೆಂದು ಯಾರೂ ಹೇಳಿಲ್ಲ. ಬೆಳೆಯುತ್ತಿಲ್ಲ ಎಂದಷ್ಟೇ ಹೇಳಿದ್ದಾರೆ. ‘ಬೆಳೆಯುತ್ತಿಲ್ಲ’ ಎಂಬ ಆ ಒಂದು ಕ್ರಿಯಾಪದದ ಮೇಲೆ ನಾನು ಈ ವರ್ಷಗಳನ್ನು ಕಳೆದಿದ್ದೇನೆ. ಅದರ ಮೇಲೆಯೇ ಉಪ್ಪಿನಕಾಯಿ ಹಾಕಿದ್ದೇನೆ, ಮೊಮ್ಮಗಳಿಗೆ ಓದು ಕಲಿಸಿದ್ದೇನೆ, ಮಳೆಗಾಲದಲ್ಲಿ ಧಬಧಬೆ ಕೆಂಪಾಗಿ ತುಂಬಿ ಬಿದ್ದಾಗ ಹೋಗಿ ನೋಡಿ ಬಂದಿದ್ದೇನೆ.

ಇದಕ್ಕೆ ಧೈರ್ಯವೆಂಬ ದೊಡ್ಡ ಹೆಸರು ಬೇಡ. ಕ್ಯಾನ್ಸರಿನವರೆಲ್ಲ ವೀರರಾಗಬೇಕು, ಯುದ್ಧ ಗೆಲ್ಲಬೇಕು ಎಂಬ ಮಾತು ಈಚೆಗೆ ಬಹಳ ಕೇಳುತ್ತದೆ. ತಾನೇ ೧೯೭೫ರಲ್ಲಿ ಈ ರೋಗಕ್ಕೆ ಸಿಕ್ಕಿದ ಸೂಸನ್ ಸೊಂಟಾಗ್, ರೋಗಕ್ಕೆ ತೊಡಿಸುವ ಇಂಥ ರೂಪಕಗಳು ರೋಗಿಗೆ ಹೊರೆಯಾಗುತ್ತವೆಂದು ೧೯೭೮ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದಳು. ಕನ್ನಡದಲ್ಲಿ ಈ ಶತಮಾನದ ಎರಡನೆಯ ದಶಕದಲ್ಲಿ ಬಿ. ವಿ. ಭಾರತಿಯವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಪುಸ್ತಕವಾಗಿ ಬರೆದರು. ಸಾವಿಲ್ಲದ ಮನೆಯ ಸಾಸಿವೆಗಾಗಿ ಅಲೆದ ಕಿಸಾಗೋತಮಿಯ ಕಥೆ ಆ ಹೆಸರಿನ ಹಿಂದಿದೆ. ಹೆಸರಿಲ್ಲದ ಆ ಅವಯವವನ್ನೂ ಹೆಸರಿಡಲಾಗದ ಆ ಅಂಜಿಕೆಯನ್ನೂ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದಾಗ, ನಮ್ಮ ಸಾಹಿತ್ಯ ಒಂದು ಹಳೆಯ ಸಾಲವನ್ನು ತೀರಿಸಿತೆಂದೇ ನಾನು ಭಾವಿಸುತ್ತೇನೆ. ಕಲಶ ಚಕ್ರವಾಕಗಳ ಉಪಮಾನಗಳಿಂದ ಆಗದೆ ಇದ್ದ ಕೆಲಸ ಅದು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೆಣ್ಣುಮಕ್ಕಳಿಗೆ ಈ ದಾರಿ ಹಿಂದಿನಷ್ಟು ದೂರವಲ್ಲ. ಒಂದು ಕಾಲಕ್ಕೆ ದೊಡ್ಡ ಬೇನೆಯೆಂದರೆ ರೈಲು ಹತ್ತಿ ಮಿರಜಿಗೆ ಹೋಗುತ್ತಿದ್ದರು. ಅದಕ್ಕೂ ಮೀರಿದರೆ ೧೯೪೧ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಆಸ್ಪತ್ರೆ, ಇಲ್ಲವೆ ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ೨೦೨೫ರ ಜನವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಊರೂರಿನಲ್ಲಿ ಮ್ಯಾಮೊಗ್ರಾಂ ಯಂತ್ರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಟಾಟಾ ಆಸ್ಪತ್ರೆಯವರು ೧೯೯೮ರಲ್ಲಿ ಆರಂಭಿಸಿ ಮುಂಬಯಿಯ ಬಡ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಒಂದು ದೀರ್ಘ ಅಧ್ಯಯನ ನಡೆಸಿದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ಪರೀಕ್ಷಿಸಿದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗ ಅವರಲ್ಲಿ ಬೇಗನೆ ಪತ್ತೆಯಾಯಿತು. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಯಿತು. ಐವತ್ತರ ಕೆಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬುದನ್ನೂ ಅವರು ಮರೆಮಾಚದೆ ಹೇಳಿದ್ದಾರೆ. ಕೈ ಎಂಬ ಮೊದಲನೆಯ ಸಾಕ್ಷಿ ಅಷ್ಟು ಬಡ ಸಾಕ್ಷಿಯೇನೂ ಅಲ್ಲ. ಮೂವತ್ತರಿಂದ ಅರವತ್ತೈದು ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ನಡೆಯಬೇಕೆಂದು ೨೦೧೬ರ ಕೇಂದ್ರ ಸರಕಾರದ ಮಾರ್ಗಸೂಚಿ ಹೇಳಿದೆ. ಕರೆದಾಗ ಹೋಗಬೇಕು, ಕರೆಯದಿದ್ದರೆ ಕೇಳಬೇಕು.

ಪರೀಕ್ಷೆಗೆ ಹೋಗುವವರಿಗೆ ನಾನು ಹೇಳುವುದು ಸ್ವಲ್ಪವೇ. ಮೊದಲ ಕಾಗದದಿಂದ ಕೊನೆಯ ಕಾಗದದವರೆಗೆ ಎಲ್ಲವನ್ನೂ ತಾರೀಖಿನ ಅನುಕ್ರಮದಲ್ಲಿ ಒಂದು ಕಡತದಲ್ಲಿಡಿ. ಹಳೆಯ ಚಿತ್ರವೇ ಹೊಸ ಚಿತ್ರಕ್ಕೆ ಅಳತೆಗೋಲು. ವೈದ್ಯರ ಮುಂದೆ ಮೂರು ಪ್ರಶ್ನೆ ಕೇಳಿ: ಈವರೆಗೆ ಗೊತ್ತಾದದ್ದೇನು, ಇನ್ನೂ ಗೊತ್ತಾಗದ್ದೇನು, ಗೊತ್ತಾಗುವುದು ಯಾವ ಪರೀಕ್ಷೆಯಿಂದ, ಎಂದಿಗೆ? ಉತ್ತರಗಳನ್ನು ಅಲ್ಲಿಯೇ ಬರೆದುಕೊಳ್ಳಿ. ಹೊರಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ರಾತ್ರಿ ಮೊಬೈಲಿಗೆ ವರದಿ ಬಂದರೆ ಅದನ್ನು ಬೆಳಗಿನವರೆಗೆ ಬಿಡುವುದು ಸಾಧ್ಯವಾದರೆ ಬಿಡಿ. ಆರು ತಿಂಗಳಿಗೆ ಬನ್ನಿ ಎಂದರೆ ಆರು ತಿಂಗಳಿಗೇ ಹೋಗಿ. ಸುಗ್ಗಿ, ಜಾತ್ರೆ, ಮಗಳ ಬಾಣಂತನ ಯಾವುದೂ ಆ ತಾರೀಖಿಗಿಂತ ದೊಡ್ಡದಲ್ಲ.

ಇನ್ನು ಹೇಳಬೇಕಾದದ್ದು ಅವರ ಸುತ್ತಲಿನವರಿಗೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಇಂಥ ಕಾಗದಕ್ಕಾಗಿ ಕಾಯುತ್ತಿದ್ದರೆ ‘ಏನೂ ಆಗಂಗಿಲ್ಲ’ ಎನ್ನಬೇಡಿ; ಅದು ನಿಮಗೆ ಗೊತ್ತಿಲ್ಲ. ‘ಗಟ್ಟಿ ಮನಸು ಮಾಡು’ ಎನ್ನಬೇಡಿ. ಆಕೆ ಮಾಡಿಕೊಂಡೇ ಕುಳಿತಿದ್ದಾಳೆ. ಹೋಗಿ ಆಕೆಯ ಹತ್ತಿರ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ‘ರಿಪೋರ್ಟ್ ಎಂದ ಬರತೈತಿ ಅಕ್ಕಾ?’ ಎಂದು ಕೇಳಿ. ಆಕೆ ದಿನ ಹೇಳಿದ ಮೇಲೆ, ‘ಆವತ್ತ ನಾನೂ ಬರ್ತೀನಿ, ಎಷ್ಟ ಗಂಟೇಕ ಹೊಂಡಬೇಕು ಹೇಳು’ ಎನ್ನಿ. ಆ ಮಾತಿನಲ್ಲಿ ಸುಳ್ಳಿಲ್ಲ.